ಮಕ್ಕಳಿಗೆ ಮೇಲೊಂದು ಮಂಚ

ಮನೆಗೆ ರೇಷ್ಮೆ ಹುಳು ಬಂತು. ಸ್ಟ್ಯಾಂಡು ನಿಂತಿತು. ಒಂದು ಮೂಲೆಯಲ್ಲಿ ರಾಗಿ ಮೂಟೆ. ಇನ್ನೊಂದು ಮೂಲೆಯಲ್ಲಿ ಹಿಪ್ಪುನೇರಳೆ ಸೊಪ್ಪು. ಈಗ ಮಕ್ಕಳು ಎಲ್ಲಿ ಮಲಗಬೇಕು?

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಅಕ್ಕಂದಿರಿಗೆ ಈ ಪ್ರಶ್ನೆ ಹೊಸದಲ್ಲ. ಹುಳುವಿಗೆ ಬೇರೆ ಮನೆ ಕಟ್ಟಿಕೊಂಡವರು ಇದ್ದಾರೆ. ಅದೇ ಒಳ್ಳೆಯದು. ಆದರೆ ಎಲ್ಲರ ಕೈಯಲ್ಲೂ ಅದು ಆಗುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಎಷ್ಟು ಸೊಪ್ಪು ತಿನ್ನುತ್ತದೆ ಅಂತ ನಿಮಗೇ ಗೊತ್ತು. ಜಾಗವೂ ಅಷ್ಟೇ ಹೆಚ್ಚು ಬೇಕು. ಆಗ ಮಕ್ಕಳ ಚಾಪೆ ಬಾಗಿಲ ಹತ್ತಿರ ಸರಿಯುತ್ತದೆ. ಇಲ್ಲವೇ ಸ್ಟ್ಯಾಂಡಿನ ಕೆಳಗೆ ಸೇರುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆ ಹುಳು ಸಾಕದ ಮನೆಗಳಲ್ಲೂ ಇದೇ ಪಾಡು. ಒಂದೇ ಕೋಣೆ, ಐದಾರು ಜನ.

ನೆಲದ ಮೇಲೆ ಜಾಗ ಇಲ್ಲ. ಆದರೆ ತಲೆಯ ಮೇಲೆ ಜಾಗ ಇದೆ.

ಗೌರಿಬಿದನೂರಿನಲ್ಲಿ ರೈಲು ಹತ್ತಿದವರು ರಾತ್ರಿ ರೈಲಿನ ಮೇಲಿನ ಬರ್ತ್ ನೋಡಿರುತ್ತೀರಿ. ಕೆಳಗೆ ಒಬ್ಬರು, ನಡುವೆ ಒಬ್ಬರು, ಮೇಲೆ ಒಬ್ಬರು ಮಲಗುತ್ತಾರೆ. ಹೊರದೇಶಗಳಲ್ಲಿ ವ್ಯಾನನ್ನೇ ಮನೆ ಮಾಡಿಕೊಂಡು ಊರೂರು ತಿರುಗುವ ಸಂಸಾರಗಳಿವೆ. ಅವರೂ ವ್ಯಾನಿನ ಒಳಗೆ ಮಕ್ಕಳಿಗೆ ಮೇಲೊಂದು ಹಾಸಿಗೆ ಕಟ್ಟುತ್ತಾರೆ. ನಮ್ಮ ಹಿರಿಯರು ಅಟ್ಟ ಕಟ್ಟಿ ಕಾಳುಕಡ್ಡಿ ಇಟ್ಟರು. ನಾವು ಅದೇ ಬುದ್ಧಿಯಿಂದ ಮಕ್ಕಳಿಗೆ ಮಂಚ ಕಟ್ಟೋಣ.

ಜಾಗ ಉಳಿಯುವುದು ಒಂದು ಲಾಭ. ಇನ್ನೊಂದು ಅದಕ್ಕಿಂತ ದೊಡ್ಡದು. ಕಟ್ಟುಹಾವು ರಾತ್ರಿ ಹೊತ್ತು ಮನೆಯೊಳಗೆ ಬರುತ್ತದೆ. ಕಪ್ಪು ಮೈ, ಅದರ ಮೇಲೆ ಬಿಳಿ ಪಟ್ಟೆ. ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ ಕಡೆ ಹೆಚ್ಚು ನೋವಿಲ್ಲ, ಊತವಿಲ್ಲ. ಮಗು ಹೊಟ್ಟೆನೋವು ಅಂತ ಏಳುತ್ತದೆ. ರೆಪ್ಪೆ ಜೋತು ಬೀಳುತ್ತದೆ. ಹೀಗೆ ಕಂಡರೆ ಮಂತ್ರ, ಬೇರು ಅಂತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಬೇಕು. 2000ದಿಂದ 2019ರ ವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರು ಎಂದು ತಿಳಿದವರು ಲೆಕ್ಕ ಹಾಕಿದ್ದಾರೆ. ನೆಲ ಬಿಟ್ಟು ಮಂಚದ ಮೇಲೆ, ಸೊಳ್ಳೆ ಪರದೆಯೊಳಗೆ ಮಲಗಿದರೆ ಈ ಭಯ ಬಹಳ ಕಡಿಮೆ.

ಆದರೆ ಒಂದು ಮಾತು. ಹಾವಿನ ಭಯ ತಪ್ಪಿಸಲು ಹೋಗಿ ಬೀಳುವ ಭಯ ತಂದುಕೊಳ್ಳಬಾರದು. ನಮ್ಮ ಮನೆಗಳ ನೆಲ ಕಲ್ಲು, ಇಲ್ಲವೇ ಸಿಮೆಂಟು. ಐದು ಅಡಿ ಮೇಲಿಂದ ಮಗು ಬಿದ್ರೆ ತಲೆಗೆ ಪೆಟ್ಟು. ಹುಳುವಿನ ಸ್ಟ್ಯಾಂಡಿನ ಮೇಲಿನ ಅಂತಸ್ತಿನಲ್ಲೇ ಮಗುವನ್ನು ಮಲಗಿಸುವವರೂ ಇದ್ದಾರೆ. ಅದು ಬೇಡವೇ ಬೇಡ. ಅದು ಸೊಪ್ಪಿನ ಭಾರಕ್ಕೆ ಕಟ್ಟಿದ್ದು. ಹುಳುವಿಗೆ ಅಳತೆ ಹಿಡಿದು ಸ್ಟ್ಯಾಂಡು ಮಾಡಿಸುತ್ತೇವೆ. ಮಕ್ಕಳಿಗೂ ಅಳತೆ ಹಿಡಿಯೋಣ.

ಅಳತೆಯನ್ನು ನೀವೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಉದ್ದ 6 ಅಡಿ. ಮಗು ಬೆಳೆಯುತ್ತದೆ, ಮಂಚ ಬೆಳೆಯುವುದಿಲ್ಲ. ಒಂದು ಮಗುವಿಗೆ ಅಗಲ ಎರಡೂವರೆ ಅಡಿ ಸಾಕು. ಇಬ್ಬರಾದರೆ 4 ಅಡಿ ಬೇಕು. ಎತ್ತರಕ್ಕೆ ಒಂದು ಸಣ್ಣ ಲೆಕ್ಕ ಇದೆ. ಚಾವಣಿ 9 ಅಡಿ ಎತ್ತರ ಇದೆ ಅನ್ನಿ. ಮಗು ಎದ್ದು ಕೂರಲು 3 ಅಡಿ ಬೇಕು. 9ರಲ್ಲಿ 3 ಕಳೆದರೆ 6. ಅಂದರೆ 6 ಅಡಿಗಿಂತ ಮೇಲೆ ಹೋಗಬಾರದು. ಆದರೆ ಎತ್ತರ ಕಡಿಮೆ ಆದಷ್ಟೂ ಒಳ್ಳೆಯದು. ನಾವು 5 ಅಡಿ ಸಾಕು ಅನ್ನುತ್ತೇವೆ. ಕೆಳಗೆ ಓಡಾಡಿದರೆ ತಲೆ ತಾಗುತ್ತದೆ ಅಂತ ಗಂಡಸರು ಗೊಣಗಬಹುದು. ಗೊಣಗಲಿ. ಕೆಳಗೆ ಮೂಟೆ, ಪೆಟ್ಟಿಗೆ ಇಡಿ.

ಸರ್ವೆ ಮರದ ಕಂಬ ಆಗುತ್ತದೆ. ಹಳೇ ಮನೆ ಕೆಡವಿದಾಗ ಸಿಕ್ಕ ಬಾಗಿಲು ಚೌಕಟ್ಟು, ತೊಲೆ ಇನ್ನೂ ಒಳ್ಳೆಯದು. ಅವು ಚೆನ್ನಾಗಿ ಒಣಗಿರುತ್ತವೆ. ನೀಲಗಿರಿ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಆದರೆ ಹಸಿ ನೀಲಗಿರಿ ಒಣಗುವಾಗ ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಇಂದು ಬಿಗಿಯಾಗಿದ್ದ ಕೂಡು ನಾಳೆ ಸಡಿಲ. ನಾಲ್ಕೂ ಕಾಲು ನೆಲದ ಮೇಲೆ ನಿಲ್ಲಬೇಕು. ಮಣ್ಣಿನ ಗೋಡೆಗೆ ಗೂಟ ಹೊಡೆದು ಅದರ ಮೇಲೆ ಮಂಚ ಕೂರಿಸಬೇಡಿ. ಮಣ್ಣು ಉದುರಿದರೆ ಗೂಟ ಕಳಚುತ್ತದೆ. ಗೆದ್ದಲು ಹತ್ತದ ಹಾಗೆ ಕಾಲಿನ ಕೆಳಗೆ ಚಪ್ಪಟೆ ಕಲ್ಲು ಇಡಿ.

"ಮೊಳೆ ಹೊಡೆದ್ರೆ ಸಾಕು ಬಿಡಮ್ಮ" ಅಂತ ಆಚಾರಿ ಹೇಳಬಹುದು. "ಇಲ್ಲಣ್ಣ, ನಟ್ಟು ಬೋಲ್ಟು ಹಾಕಿ ಕೊಡು" ಅನ್ನಿ. ಮಕ್ಕಳು ಮೇಲೆ ಸುಮ್ಮನೆ ಇರುವುದಿಲ್ಲ. ಕುಣಿಯುತ್ತಾರೆ. ಅಲುಗಾಡಿ ಅಲುಗಾಡಿ ಮೊಳೆ ಸಡಿಲ ಆಗ್ತದೆ. ಬೋಲ್ಟು ಸಡಿಲವಾದರೆ ಮತ್ತೆ ತಿರುಗಿಸಿ ಬಿಗಿ ಮಾಡಬಹುದು. ಕಾಲಿಂದ ಕಾಲಿಗೆ ಓರೆಯಾಗಿ ಒಂದೊಂದು ಪಟ್ಟಿ ಹಾಕಿಸಿ. ಆಗ ಮಂಚ ಪಕ್ಕಕ್ಕೆ ವಾಲುವುದಿಲ್ಲ.

ಇನ್ನು ತಡೆಪಟ್ಟಿ. ಇದನ್ನು ಗಮನವಿಟ್ಟು ಓದಿ. ಮಂಚದ ಸುತ್ತ ತಡೆಪಟ್ಟಿ ಇರಬೇಕು. ಹತ್ತಿ ಇಳಿಯಲು ಮಾತ್ರ ಒಂದು ಕಡೆ ಸ್ವಲ್ಪ ಜಾಗ ಬಿಡಿ. ಗೋಡೆ ಇದೆಯಲ್ಲ ಅಂತ ಆ ಬದಿಯನ್ನು ಖಾಲಿ ಬಿಡಬೇಡಿ. ಗೋಡೆಗೂ ಮಂಚಕ್ಕೂ ನಡುವೆ ಸಂದು ಇದ್ದರೆ ಮಗು ಅಲ್ಲಿ ಜಾರಿ ಸಿಕ್ಕಿಕೊಳ್ಳುತ್ತದೆ. ಪಟ್ಟಿ ಹಾಸಿಗೆಗಿಂತ ಒಂದು ಗೇಣು ಮೇಲೆ ಇರಬೇಕು. ಹಲಗೆಯಿಂದ ಅಳೆದರೆ ತಪ್ಪು. ಹಾಸಿಗೆ ಹಾಸಿ, ಅದರ ಮೇಲಿಂದ ಅಳೆಯಿರಿ. ಪಟ್ಟಿ ಪಟ್ಟಿಯ ನಡುವಿನ ಸಂದು ಎಷ್ಟಿರಬೇಕು? ನಿಮ್ಮ ನಾಲ್ಕು ಬೆರಳು ಜೋಡಿಸಿ ಹಿಡಿಯಿರಿ. ಅಷ್ಟೇ. ಅದಕ್ಕಿಂತ ಅಗಲ ಬಿಟ್ಟರೆ ನಿದ್ದೆಯಲ್ಲಿ ಮಗುವಿನ ಕಾಲು ತೂರುತ್ತದೆ, ಮೈ ತೂರುತ್ತದೆ. ತಲೆ ಮಾತ್ರ ತೂರುವುದಿಲ್ಲ. ಕತ್ತು ಸಿಕ್ಕಿಕೊಂಡು ಉಸಿರು ಕಟ್ಟುತ್ತದೆ. ಆಗ ಮಗು ಕೂಗಲೂ ಆಗುವುದಿಲ್ಲ. ಇದೇ ಕಾರಣಕ್ಕೆ ಮೇಲಿನ ಮಂಚಕ್ಕೆ ಹಗ್ಗ, ಸೀರೆ, ವೇಲು ಇಳಿಬಿಡಬಾರದು.

ಆರು ವರ್ಷ ತುಂಬದ ಮಗುವನ್ನು ಮೇಲೆ ಮಲಗಿಸಬೇಡಿ. ಅಣ್ಣ ಮೇಲೆ ಮಲಗಿದರೆ ತಮ್ಮ ಅಳುತ್ತಾನೆ, ನಿಜ. ಹಗಲು ನೀವು ಪಕ್ಕದಲ್ಲಿ ನಿಂತು ಹತ್ತಿಸಿ ಇಳಿಸಿ. ರಾತ್ರಿ ಅವನು ನಿಮ್ಮ ಪಕ್ಕದಲ್ಲೇ ಇರಲಿ.

ಏಣಿಯನ್ನು ಮಂಚಕ್ಕೆ ಸೇರಿಸಿ ಬಿಗಿ ಮಾಡಿಸಿ. ಒರಗಿಸಿಟ್ಟ ಏಣಿ ಜಾರುತ್ತದೆ. ಮೆಟ್ಟಿಲು ದುಂಡಗೆ ಬೇಡ, ಚಪ್ಪಟೆ ಇರಲಿ. ಅರ್ಧರಾತ್ರಿ ನಿದ್ದೆಗಣ್ಣಿನಲ್ಲಿ ಇಳಿಯುವ ಕಾಲು ಅದು.

ಮಂಚ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮೊದಲೇ ಯೋಚಿಸಿ. ಮಗು ಎದ್ದು ನಿಂತು ಕೈ ಚಾಚಿದರೂ ಚಾವಣಿಯ ಫ್ಯಾನು, ಕರೆಂಟ್ ವೈರು ಸಿಗಬಾರದು. ಸಿಗುವ ಹಾಗಿದ್ದರೆ ಮಂಚದ ಜಾಗ ಬದಲಿಸಿ. ಒಲೆಯ ಹೊಗೆ ಮೇಲಕ್ಕೇ ಹೋಗುತ್ತದೆ. ಒಲೆಯಿಂದ ದೂರ, ಕಿಟಕಿಗೆ ಹತ್ತಿರ ಇರಲಿ. ಬೇರೆ ಕೋಣೆ ಇದ್ದರೆ ಹುಳುವಿನ ಕೋಣೆಯಲ್ಲಿ ಮಂಚ ಹಾಕಬೇಡಿ. ಹುಳು ಇರುವ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಹುಳು ಸಾಯುತ್ತದೆ. ಹಾಗಾಗಿ ಮೇಲಿನ ಮಂಚಕ್ಕೂ ಪರದೆಯೇ ಗತಿ. ಅದರ ಅಂಚನ್ನು ಹಾಸಿಗೆಯ ಕೆಳಗೆ ಚೆನ್ನಾಗಿ ಸಿಕ್ಕಿಸಿ.

ಕಲ್ಲುಚಪ್ಪಡಿಯ ಮನೆ, ಶೀಟಿನ ಮನೆ ಆದರೆ ಬೇಸಿಗೆಯಲ್ಲಿ ಮೇಲೆ ಸೆಕೆ ಜಾಸ್ತಿ. ಹಗಲು ಕಾದ ಚಪ್ಪಡಿ ರಾತ್ರಿಯೂ ಬೇಗ ಆರುವುದಿಲ್ಲ. ಆ ಎರಡು ತಿಂಗಳು ಹಲಗೆಗಿಂತ ನವಾರು ಪಟ್ಟಿ ಹೆಣೆದ ಮಂಚ ಮೇಲು. ಕೆಳಗಿನಿಂದಲೂ ಗಾಳಿ ಆಡುತ್ತದೆ. ಆದರೆ ನವಾರು ಜೋಲು ಬೀಳುತ್ತದೆ, ಆಗಾಗ ಎಳೆದು ಕಟ್ಟಬೇಕು.

ಮಂಚ ಕಟ್ಟಿದ ದಿನವೇ ಮಕ್ಕಳನ್ನು ಹತ್ತಿಸಬೇಡಿ. ಮೊದಲು ದೊಡ್ಡವರು ಇಬ್ಬರು ಕೂತು ನೋಡಿ. ಅಲುಗಾಡಿಸಿ ನೋಡಿ. ಕಿರ್ರ್ ಅಂತ ಸದ್ದು ಬಂದರೆ ಆಚಾರಿ ಹೋಗುವ ಮುಂಚೆಯೇ ತೋರಿಸಿ, ಸರಿ ಮಾಡಿಸಿ. ಕೈಯಲ್ಲಿ ಚೀಟಿ ಇದೆಯಲ್ಲ. ಟೇಪು ಹಿಡಿದು ಒಂದೊಂದೇ ಅಳತೆ ಸರಿ ನೋಡಿ, ಆಮೇಲೆ ದುಡ್ಡು ಕೊಡಿ.

ಬೆಳೆ ಮುಗಿದು ಬ್ಲೀಚಿಂಗ್ ಪುಡಿ ಹಾಕಿ ಮನೆ ತೊಳೆಯುವ ದಿನ ಹಾಸಿಗೆ, ಪರದೆ ಎಲ್ಲ ಹೊರಗೆ ಬಿಸಿಲಿಗೆ ಹಾಕಿ. ಅದರ ಘಾಟು ಕಣ್ಣಿಗೆ, ಎದೆಗೆ ಕೆಟ್ಟದ್ದು. ಮಂಚ ಖಾಲಿ ಇರುವ ಆ ದಿನವೇ ಪಾನಾ ಹಿಡಿದು ಬೋಲ್ಟುಗಳನ್ನೆಲ್ಲ ಒಂದು ಸುತ್ತು ಬಿಗಿ ಮಾಡಿ. ಘಾಟು ಪೂರ್ತಿ ಹೋದ ಮೇಲೆ ಹಾಸಿಗೆ ಮತ್ತೆ ಮೇಲಕ್ಕೆ ಹಾಕಿ.