ಸಿಗರೇಟು ಬಿಟ್ಟು ಹಿಡಿದದ್ದೇನು?

“ಸಿಗರೇಟ್ ಬಿಟ್ಟೀನ್ರೀ, ಈಗೇನಿದ್ರೂ ಬರೇ ತಂಬಾಕ ಅಷ್ಟ.” ಹುಬ್ಬಳ್ಳಿ-ಧಾರವಾಡದ ಕಡೆ ಈ ಮಾತು ಆಡುವವರ ದನಿಯಲ್ಲಿ ಏನೋ ಗೆದ್ದ ಸಮಾಧಾನ ಇರುತ್ತದೆ. ಹೊಗೆ ಹೋಯಿತು, ಅಂಗಿಗೆ ಹತ್ತುತ್ತಿದ್ದ ವಾಸನೆ ಹೋಯಿತು, ಮನೆಯವರ ಗೊಣಗಾಟವೂ ತಗ್ಗಿತು. ನಿಕೋಟಿನ್ ಮಾತ್ರ ಎಲ್ಲಿಗೂ ಹೋಗಿಲ್ಲ. ಶ್ವಾಸಕೋಶದ ದಾರಿ ಬಿಟ್ಟು ಈಗ ಗಲ್ಲದ ಒಳಪದರದಿಂದ ರಕ್ತ ಸೇರುತ್ತಿದೆ.

ಸಿಗರೇಟಿನ ಪರ್ಯಾಯ ಎಂದಕೂಡಲೇ ಪತ್ರಿಕೆಗಳು ಇ-ಸಿಗರೇಟಿನ ಚಿತ್ರ ಹಾಕುತ್ತವೆ. ನಮ್ಮ ಊರುಗಳ ಪಾನ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಬೇರೆಯದೇ ಲೆಕ್ಕ ಕಾಣುತ್ತದೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರು ಶೇ 8.8 ಮಾತ್ರ, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3. ಅಂದರೆ ಇಲ್ಲಿ ಸಿಗರೇಟೇ ಅಲ್ಪಸಂಖ್ಯಾತ.

ಅಂಗೈಯಲ್ಲಿ ತಂಬಾಕಿಗೆ ಒಂದಿಷ್ಟು ಸುಣ್ಣ ಸೇರಿಸಿ, ಹೆಬ್ಬೆರಳಿನಿಂದ ತಿಕ್ಕಿ, ತಟ್ಟಿ, ಕೆಳತುಟಿಯ ಸಂದಿಗೆ ಇಟ್ಟುಕೊಳ್ಳುವ ರೂಢಿ ಹೊಲದಿಂದ ಕಚೇರಿಯವರೆಗೆ ಎಲ್ಲ ಕಡೆಯೂ ಇದೆ. ಸುಣ್ಣ ಬರಿಯ ರುಚಿಗಾಗಿ ಬಂದದ್ದಲ್ಲ. ಅದು ಬಾಯಿಯೊಳಗೆ ಕ್ಷಾರವನ್ನು ಹೆಚ್ಚಿಸುತ್ತದೆ. ಕ್ಷಾರ ಹೆಚ್ಚಿದಷ್ಟೂ ನಿಕೋಟಿನ್ ಬಂಧ ಕಳಚಿಕೊಂಡು ಲೋಳೆಪದರದ ಮೂಲಕ ಬೇಗ ರಕ್ತಕ್ಕೆ ಇಳಿಯುತ್ತದೆ. ಜೊತೆಗೆ ಸುಣ್ಣ ಆ ಪದರವನ್ನೂ ಸುಡುತ್ತದೆ. ಬೆಂಕಿಯೇ ಇಲ್ಲದ ಮೇಲೆ ಕ್ಯಾನ್ಸರ್ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ತಂಬಾಕಿನ ಎಲೆಯನ್ನು ಒಣಗಿಸಿ ಹದ ಮಾಡುವಾಗಲೇ ಅದರಲ್ಲಿ ನೈಟ್ರೋಸಮೀನ್ ಎಂಬ ಕ್ಯಾನ್ಸರ್‌ಕಾರಕಗಳು ಹುಟ್ಟಿಕೊಂಡಿರುತ್ತವೆ. ಅವಕ್ಕೆ ಬೆಂಕಿಕಡ್ಡಿ ಬೇಕಿಲ್ಲ.

ಗುಟ್ಕಾದ ಕಥೆ ಇನ್ನೂ ಸಂಕಟದ್ದು. ಆಹಾರದಲ್ಲಿ ತಂಬಾಕು, ನಿಕೋಟಿನ್ ಇರಕೂಡದು ಎಂದು 2011ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ನಿಯಮ ಬಂತು. ಅದರ ಬಲದ ಮೇಲೆ ಕರ್ನಾಟಕ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಆದದ್ದೇನು? ಒಂದು ಪಾಕೀಟು ಎರಡಾಯಿತು. ಪಾನ್ ಮಸಾಲ ಒಂದರಲ್ಲಿ, ತಂಬಾಕು ಇನ್ನೊಂದರಲ್ಲಿ. ಎರಡನ್ನೂ ಹರಿದು ಬಾಯಲ್ಲಿ ಬೆರೆಸಿದರೆ ಅದೇ ಗುಟ್ಕಾ. ಈ ಜೋಡಿ ಪಾಕೀಟಿನ ಜಾಣತನ ಸುಪ್ರೀಂ ಕೋರ್ಟಿನ ಮುಂದೂ ಬಂತು; 2016ರಲ್ಲಿ ಕೋರ್ಟು ನಿಷೇಧವನ್ನು ಕಟ್ಟುನಿಟ್ಟಾಗಿ ಜಾರಿ ಮಾಡಲು ರಾಜ್ಯಗಳಿಗೆ ಹೇಳಿತು. ಪಾಕೀಟಿನ ಮಾಲೆಗಳು ಇಂದಿಗೂ ಅಂಗಡಿಗಳಲ್ಲಿ ತೂಗುತ್ತಿವೆ.

ತಂಬಾಕಿನ ಪಾಕೀಟು ಬಿಟ್ಟು ಬರೀ ಪಾನ್ ಮಸಾಲ ತಿಂದರೆ ಸರಿಹೋಯಿತೇ? ಇಲ್ಲಿ ಮಲೆನಾಡಿನ ಸೆರಗಿಗೆ ಹೊಂದಿಕೊಂಡ ನಮ್ಮ ಧಾರವಾಡ ಜಿಲ್ಲೆಗೆ ಕಹಿ ಎನಿಸುವ ಮಾತೊಂದನ್ನು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಪಾನ್ ಮಸಾಲದ ಮುಖ್ಯ ಸರಕಾದ ಅಡಿಕೆಯನ್ನು, ತಂಬಾಕು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. ನೆರೆಯ ಶಿರಸಿ, ಯಲ್ಲಾಪುರದ ಅಡಿಕೆ ತೋಟಗಳನ್ನೇ ನಂಬಿದ ಕುಟುಂಬಗಳ ಆತಂಕ ಅರ್ಥವಾಗುವಂಥದ್ದು. ಬೆಳೆಗಾರರಿಗೆ ದಾರಿ ತೋರಿಸುವ ಹೊಣೆ ಸರ್ಕಾರದ್ದು. ಹಾಗೆಂದು ದಿನವಿಡೀ ಅಡಿಕೆ ಅಗಿಯುವ ಹದಿಹರೆಯದ ಹುಡುಗನಿಂದ ಈ ಸತ್ಯವನ್ನು ಮುಚ್ಚಿಡುವುದು ನ್ಯಾಯವಲ್ಲ.

ಅಡಿಕೆಯ ಅರೆಕೋಲಿನ್ ಎಂಬ ರಾಸಾಯನಿಕ ಗಲ್ಲದ ಒಳಗಿನ ಜೀವಕೋಶಗಳನ್ನು ಕೆರಳಿಸಿ ಅತಿಯಾಗಿ ನಾರು ಹೆಣೆಯುವಂತೆ ಮಾಡುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶ ಆ ನಾರನ್ನು ಇನ್ನಷ್ಟು ಬಿಗಿಯುತ್ತದೆ. ಮೆತ್ತಗೆ ಹಿಗ್ಗುತ್ತಿದ್ದ ಗಲ್ಲ ಒಣಗಿದ ಚಕ್ಕಳದಂತೆ ಸೆಟೆಯುತ್ತದೆ. ಉತ್ತರ ಕರ್ನಾಟಕದ ಊಟ ಮಾಡುವವನಿಗೆ ಮೊದಲ ಸೂಚನೆ ತಾಟಿನಲ್ಲೇ ಸಿಗುತ್ತದೆ: ಹುಟ್ಟಿದಾಗಿನಿಂದ ತಿಂದ ಕೆಂಪು ಚಟ್ನಿ, ರಂಜಕ ಒಮ್ಮಿಂದೊಮ್ಮೆಲೆ ಬೆಂಕಿಯಂತೆ ಉರಿಯತೊಡಗುತ್ತವೆ. ಆಮೇಲೆ ಬಾಯಿ ಕಿರಿದಾಗುತ್ತ ಬರುತ್ತದೆ. ಮೂರು ಬೆರಳನ್ನು ನೆಟ್ಟಗೆ ಜೋಡಿಸಿ ಬಾಯೊಳಗೆ ತೂರಿಸಲು ಆಗದಿದ್ದರೆ ದಂತವೈದ್ಯರು ಎಚ್ಚರಗೊಳ್ಳುತ್ತಾರೆ. ಗಲ್ಲ ಸೆಟೆಯುವ ಈ ಕಾಯಿಲೆಯನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ; ಅಡಿಕೆ ಬಿಟ್ಟರೆ ಮುಂದುವರಿಯುವುದನ್ನು ತಡೆಯಬಹುದು, ವ್ಯಾಯಾಮ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆಗಳಿಂದ ಬಾಯಿಯನ್ನು ಒಂದಿಷ್ಟು ತೆರೆಸಬಹುದು. ಒಂದು ಪಾಲು ರೋಗಿಗಳಲ್ಲಿ ಇದೇ ಮುಂದೆ ಕ್ಯಾನ್ಸರ್ ಆಗುತ್ತದೆ.

2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜು ಇದು: 2022ರಲ್ಲಿ ಜಗತ್ತಿನಾದ್ಯಂತ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯಿಂದ ಉಂಟಾದ ಬಾಯಿ ಕ್ಯಾನ್ಸರ್ ಪ್ರಕರಣಗಳು ಸುಮಾರು 1,20,200. ಅವುಗಳಲ್ಲಿ 83,400 ಭಾರತದವು. ಜಗತ್ತಿನ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ನಮ್ಮದೇ.

ಹೆಂಗಸರ ವಿಷಯ ಈ ಚರ್ಚೆಯಲ್ಲಿ ಸದಾ ಹಿಂದೆ ಬೀಳುತ್ತದೆ. ಮಹಾರಾಷ್ಟ್ರದಲ್ಲಿಯೂ ಗಡಿಯ ನಮ್ಮ ಜಿಲ್ಲೆಗಳಲ್ಲಿಯೂ ಹುರಿದು ಪುಡಿ ಮಾಡಿದ ತಂಬಾಕಿನಿಂದ, ಅಂದರೆ ಮಿಶ್ರಿಯಿಂದ, ಹಲ್ಲು ತಿಕ್ಕುವ ಅಭ್ಯಾಸವುಂಟು. ತಪಕೀರನ್ನು (ನಶ್ಯವನ್ನು) ಒಸಡಿಗೆ ಹಚ್ಚಿಕೊಳ್ಳುವ ಅಜ್ಜಿಯರೂ ಇದ್ದಾರೆ. ಹಲ್ಲುನೋವಿಗೆ ಒಳ್ಳೆಯದು ಎಂದು ಶುರುವಾದದ್ದು ದಿನಕ್ಕೆ ನಾಲ್ಕಾರು ಸಲಕ್ಕೆ ಏರುತ್ತದೆ. ಮುಂಬೈಯಲ್ಲಿ ಗರ್ಭಿಣಿಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದ ತಾಯಂದಿರ ಕೂಸುಗಳು ಸರಾಸರಿ 105 ಗ್ರಾಂ ಕಡಿಮೆ ತೂಗುತ್ತಿದ್ದವು. ಅವರಲ್ಲಿ ಹೆಚ್ಚಿನವರು ಬಳಸುತ್ತಿದ್ದದ್ದು ಮಿಶ್ರಿಯನ್ನೇ.

ಬೀಡಿಯೂ ಸಿಗರೇಟಿಗಿಂತ ಹಗುರ ಎಂಬ ನಂಬಿಕೆಯಿದೆ, ಚಿಕ್ಕದು, ಎಲೆಯಲ್ಲಿ ಸುತ್ತಿದ್ದು ಎಂದು. ಬೀಡಿಯೊಳಗೆ ತಂಬಾಕು ಕಡಿಮೆ ಇರುವುದು ನಿಜ. ಆದರೆ ತೂಬರೆ ಎಲೆಯ ಮೂಲಕ ಗಾಳಿ ಸರಿಯಾಗಿ ಆಡುವುದಿಲ್ಲ; ಆರದಂತೆ ಉಳಿಸಿಕೊಳ್ಳಲು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಹಾಗಾಗಿ ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಹೆಚ್ಚೇ ಒಳಗೆ ಹೋಗುತ್ತವೆ.

ಕಾಲೇಜು ಹುಡುಗರ ಪರ್ಯಾಯಗಳು ಬೇರೆ. ಹುಕ್ಕಾದ ಹೊಗೆ ನೀರಿನಲ್ಲಿ ತೊಳೆದು ಬರುತ್ತದೆ ಎಂದು ಅವರು ನಂಬುತ್ತಾರೆ. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ಶುದ್ಧ ಮಾಡುವುದಿಲ್ಲ. ಒಂದು ಗಂಟೆ ಹುಕ್ಕಾ ಎಳೆದವನ ಎದೆಯೊಳಗೆ ಒಂದು ಸಿಗರೇಟಿನ ನೂರು ಪಟ್ಟು ಅಥವಾ ಅದಕ್ಕೂ ಹೆಚ್ಚು ಹೊಗೆ ಹೋಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಗಿಡಮೂಲಿಕೆಯ ಹುಕ್ಕಾ ಆದರೂ ಕೆಂಡದ ಕಾರ್ಬನ್ ಮೊನಾಕ್ಸೈಡ್ ತಪ್ಪದು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹುಕ್ಕಾವನ್ನು ನಿಷೇಧಿಸಿತು. ಮರುವರ್ಷ ಜಾರಿಗೆ ಬಂದ ತಿದ್ದುಪಡಿ ಕಾಯ್ದೆ ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಸಪ್ತಾಪುರದ ಕೋಚಿಂಗ್ ಗಲ್ಲಿಗಳಿರುವ ಧಾರವಾಡಕ್ಕೆ ಇದು ದೊಡ್ಡ ಸಂಗತಿ, ಅಂಗಡಿಯವರು ವಯಸ್ಸು ಕೇಳುವ ರೂಢಿ ಮಾಡಿಕೊಂಡರೆ.

ಇ-ಸಿಗರೇಟನ್ನು ಕರ್ನಾಟಕ 2016ರಲ್ಲಿ, ಇಡೀ ದೇಶ 2019ರಲ್ಲಿ ನಿಷೇಧಿಸಿತು. ಮಾರಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬ್ರಿಟನ್ನಿನ ವೈದ್ಯರು ವಯಸ್ಕ ಧೂಮಪಾನಿಗಳಿಗೆ ಸಿಗರೇಟು ಬಿಡಿಸಲು ಇದನ್ನೇ ಸಲಹೆ ಮಾಡುವುದುಂಟು. ಸುಡುವ ತಂಬಾಕಿಗಿಂತ ಇದರಲ್ಲಿ ವಿಷ ಕಡಿಮೆ ಎನ್ನುವುದನ್ನು ಅಲ್ಲಗಳೆಯಲಾಗದು. ಕಡಿಮೆ ಎಂದರೆ ಇಲ್ಲವೆಂದಲ್ಲ. ಬಿಸಿಯಾದ ದ್ರವದಿಂದ ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕಗಳು ಹೊಮ್ಮುತ್ತವೆ, ನಿಕೋಟಿನ್ ಚಟ ಹಾಗೆಯೇ ಉಳಿಯುತ್ತದೆ. ಒಳಗೆ ಯಾರು ಏನು ಬೆರೆಸಿದ್ದಾರೋ ಗೊತ್ತಾಗದ ಕಾಳಸಂತೆಯ ಮಾಲಂತೂ ಬೇರೆಯೇ ಅಪಾಯ. ಅಮೆರಿಕದಲ್ಲಿ 2019-20ರಲ್ಲಿ ವೇಪ್‌ನಿಂದ ಶ್ವಾಸಕೋಶ ಕೆಟ್ಟು 2,807 ಮಂದಿ ಆಸ್ಪತ್ರೆ ಸೇರಿದರು ಇಲ್ಲವೇ ಸತ್ತರು; ಸತ್ತವರೇ 68 ಮಂದಿ. ಮುಖ್ಯ ಕಾರಣ ಗಾಂಜಾ ಅಂಶದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್.

ನಿಜವಾದ ಪರ್ಯಾಯ ಔಷಧಿ ಅಂಗಡಿಯಲ್ಲಿದೆ. 2 ಮಿಲಿಗ್ರಾಂ ನಿಕೋಟಿನ್ ಗಮ್ ಚೀಟಿಯಿಲ್ಲದೆ ಸಿಗುತ್ತದೆ. ಗುಟ್ಕಾ ಅಗಿದು ರೂಢಿಯಾದವರು ಅದನ್ನೂ ಹಾಗೆಯೇ ಜಗಿದು ರಸ ನುಂಗುತ್ತಾರೆ. ಬಿಕ್ಕಳಿಕೆ, ಹೊಟ್ಟೆ ತೊಳಸುವಿಕೆ ಬಂದು ಎರಡೇ ದಿನಕ್ಕೆ ಬಿಡುತ್ತಾರೆ. ಖಾರ ತಟ್ಟುವವರೆಗೆ ನಿಧಾನ ಜಗಿದು, ಗಲ್ಲದ ಸಂದಿಗೆ ಸರಿಸಿ ಸುಮ್ಮನಿರಬೇಕು, ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಗಮ್ ಬಾಯಿಗೆ ಹಾಕುವ ಕಾಲು ಗಂಟೆ ಮುಂಚಿನಿಂದ ಚಹಾ, ಕಾಫಿ ಕುಡಿಯಬಾರದು. ಕುಡಿದರೆ ನಿಕೋಟಿನ್ ಸರಿಯಾಗಿ ಹೀರಿಕೆಯಾಗದು. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು.

ತಂಬಾಕಿನ ಪಾಕೀಟಿನ ಮೇಲೆಯೇ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಸಲಹೆ ದೊರೆಯುತ್ತದೆ. ಬಾಯಿ ಪರೀಕ್ಷೆಗೆ ಹುಬ್ಬಳ್ಳಿ-ಧಾರವಾಡದವರು ದೂರ ಹೋಗಬೇಕಿಲ್ಲ. ವಿದ್ಯಾನಗರದ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್), ನವನಗರದ ಕ್ಯಾನ್ಸರ್ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ ದಂತ ಕಾಲೇಜು ಮೂರೂ ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನ ದಾರಿಯಲ್ಲೇ ಇವೆ. ಎರಡು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ನೋವಿಲ್ಲವೆಂದು ಕಾಯುತ್ತ ಕೂರಬಾರದು. ಬಾಯಿ ಕ್ಯಾನ್ಸರ್ ಆರಂಭದಲ್ಲಿ ಬಹುಮಟ್ಟಿಗೆ ನೋಯುವುದೇ ಇಲ್ಲ.