ಕಡಲಡಿಯ ಒಡನಾಡಿಗಳು

ಪ್ರತಿವರ್ಷ ಡಿಸೆಂಬರ್ 7ರಂದು ನಮ್ಮ ಶಾಲೆಯ ಮಕ್ಕಳು ಪುಟ್ಟ ಕಾಗದದ ಧ್ವಜಗಳನ್ನು ಹಿಡಿದು ಊರೊಳಗೆ ಹಣ ಕೂಡಿಸಲು ಹೊರಡುತ್ತಾರೆ. 1949ರಿಂದ ನಡೆದುಬಂದಿರುವ ಸಶಸ್ತ್ರ ಸೇನಾ ಧ್ವಜದಿನವದು. ಧ್ವಜದಲ್ಲಿ ಮೂರು ಬಣ್ಣಗಳಿವೆ. ಕೆಂಪು ಭೂಸೇನೆಯದು, ತಿಳಿನೀಲಿ ವಾಯುಸೇನೆಯದು ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ನಡುವಿನ ಗಾಢ ನೀಲಿಗೆ ಬಂದಾಗ ಮಾತ್ರ ಕೊಂಚ ತಡವರಿಸುತ್ತಾರೆ. ಅದು ಸಹಜವೇ ಸರಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯವರಾದ ನಮಗೆ ದೊಡ್ಡ ನೀರೆಂದರೆ ಮುನಿರಾಬಾದಿನ ಬಳಿಯ ತುಂಗಭದ್ರಾ ಜಲಾಶಯ; ನೀರಿನ ಮೇಲಿನ ವಾಹನವೆಂದರೆ ಆನೆಗೊಂದಿಯ ಹರಿಗೋಲು. ಕಡಲು ನಮಗೆ ಪಾಠದಲ್ಲಿ ಮಾತ್ರ ಉಂಟು.

ಆದರೂ ಈ ಒಣನೆಲದಿಂದ ಹೋಗಿ ಕಡಲಿನ ಮೇಲಲ್ಲ, ಕಡಲಿನ ಒಳಗೇ ಹದಿನೈದು ವರ್ಷ ದುಡಿದು ಬಂದವರಿದ್ದಾರೆ. ಅಂಥವನೊಬ್ಬ ನನ್ನ ಶಿಷ್ಯ. ಅವನ ನಿಮಿತ್ತವಾಗಿಯೇ ನಾನು ಈ ವಿಷಯವನ್ನು ಕಲಿತದ್ದರಿಂದ ಮೊದಲು ಅವನ ಸಂಗತಿಯನ್ನೇ ಹೇಳುತ್ತೇನೆ.

ಕೆಲವು ವರ್ಷಗಳ ಕೆಳಗೆ, ಯಲಬುರ್ಗಾ ತಾಲೂಕಿನಲ್ಲಿ ನಾನು ಪಾಠ ಹೇಳುತ್ತಿದ್ದ ಶಾಲೆಗೆ ಕೇರಳದಿಂದ ಒಂದು ಪತ್ರ ಬಂದಿತು. ಬರೆದವರು ನಮಗಾರಿಗೂ ಗುರುತಿನವರಲ್ಲ. ನಿಮ್ಮ ಶಾಲೆಯಲ್ಲಿ ಓದಿದ ಇಂಥವನು ನನ್ನೊಡನೆ ಜಲಾಂತರ್ಗಾಮಿ ನೌಕೆಯಲ್ಲಿದ್ದವನು. ನಿವೃತ್ತನಾದ ಮೇಲೆ ಎರಡು ವರ್ಷದಿಂದ ಸುದ್ದಿಯಿಲ್ಲ. ಅವನ ಫೋನಿನ ಸಂಖ್ಯೆ ಈಗ ಬೇರೆಯವರದಾಗಿದೆ. ತನ್ನ ಶಾಲೆಯ ಹೆಸರನ್ನು ಆಗಾಗ ಹೇಳುತ್ತಿದ್ದುದರಿಂದ ಈ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅವನು ಸೌಖ್ಯವಾಗಿರುವನೆ, ದಯವಿಟ್ಟು ತಿಳಿಸಿರಿ—ಇಷ್ಟೇ ಅದರ ಸಾರಾಂಶ. ಮುಖ್ಯೋಪಾಧ್ಯಾಯರು ಪತ್ರವನ್ನು ನನ್ನ ಕೈಗಿತ್ತರು.

ನೆಂಟನಲ್ಲ, ಊರವನಲ್ಲ, ಭಾಷೆಯವನೂ ಅಲ್ಲ. ಹೀಗಿರುವಾಗ ಒಬ್ಬ ಮನುಷ್ಯ ಇನ್ನೊಬ್ಬನನ್ನು ಅವನು ಓದಿದ ಶಾಲೆಯವರೆಗೆ ಹುಡುಕಿಕೊಂಡು ಬರುವುದೇಕೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ನೌಕೆಯ ಒಳಗಿನ ಬಾಳುವೆಯನ್ನು ಸ್ವಲ್ಪ ತಿಳಿಯಬೇಕು.

ಜಲ, ಅಂತರ್, ಗಾಮಿ—ನೀರಿನೊಳಗೆ ಸಂಚರಿಸುವುದು ಎಂದು ಪದದ ಅರ್ಥ. ನಮ್ಮ ದೇಶದ ಮೊದಲನೆಯ ಜಲಾಂತರ್ಗಾಮಿ 'ಕಲ್ವರಿ'. 1967ರ ಡಿಸೆಂಬರ್ 8ರಂದು ಅಂದಿನ ಸೋವಿಯತ್ ದೇಶದ ರೀಗಾ ಬಂದರಿನಲ್ಲಿ ಅದು ನಮ್ಮ ನೌಕಾಸೇನೆಗೆ ಸೇರಿತು, 1996ರವರೆಗೆ ಸೇವೆಯಲ್ಲಿತ್ತು. ವಿಶಾಖಪಟ್ಟಣದಲ್ಲಿ ಜಲಾಂತರ್ಗಾಮಿಗಳ ನೆಲೆಯಾದ 'ವೀರಬಾಹು' 1971ರಲ್ಲಿ ಏರ್ಪಟ್ಟಿತು. ಈ ನಾವಿಕರಿಗೆ ಶಿಕ್ಷಣ ಕೊಡುವ 'ಶಾತವಾಹನ' ಸಂಸ್ಥೆಯೂ ಅದೇ ಊರಿನಲ್ಲಿದೆ. 1986ರಿಂದ 2000ದವರೆಗೆ 'ಸಿಂಧುಘೋಷ್' ವರ್ಗದ ಹತ್ತು ನೌಕೆಗಳು ಬಂದವು. ನನ್ನ ಶಿಷ್ಯನು ದುಡಿದದ್ದು ಈ ವರ್ಗದ ಒಂದರಲ್ಲಿ.

ಆ ನೌಕೆಯ ಉದ್ದ ಸುಮಾರು 73 ಮೀಟರು. ಅದರ ಬಹುಭಾಗವನ್ನು ಎಂಜಿನ್ನು, ಬ್ಯಾಟರಿ, ಟಾರ್ಪಿಡೊಗಳೇ ತುಂಬಿಕೊಂಡಿರುತ್ತವೆ. ಮಿಕ್ಕ ಇಕ್ಕಟ್ಟಿನಲ್ಲಿ ಐವತ್ತಕ್ಕೂ ಹೆಚ್ಚು ಜನ ವಾರಗಟ್ಟಲೆ ಬಾಳಬೇಕು. ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕಾದುದರಿಂದ ಆಳದಲ್ಲಿ ಅದನ್ನು ನಡೆಸುವಂತಿಲ್ಲ. ಅಲ್ಲಿ ಬ್ಯಾಟರಿಯ ವಿದ್ಯುತ್ತೇ ಗತಿ. ಬ್ಯಾಟರಿ ಇಳಿದಾಗ ನೌಕೆಯು ನೀರಿನ ಮಟ್ಟದ ಸಮೀಪಕ್ಕೆ ಬಂದು, ಒಂದು ಕೊಳವೆಯನ್ನು ಮೇಲಕ್ಕೆತ್ತಿ, ಗಾಳಿ ಹೀರಿಕೊಂಡು ಎಂಜಿನ್ನು ನಡೆಸಿ ಮತ್ತೆ ವಿದ್ಯುತ್ತನ್ನು ತುಂಬಿಕೊಳ್ಳುತ್ತದೆ. ಅಲ್ಲಿಯವರೆಗೆ ಒಳಗಿನವರೆಲ್ಲ ಉಸಿರಾಡುವುದು ಅದೇ ಗಾಳಿಯನ್ನು. ಸಿಹಿನೀರು ಅಳತೆಯದು, ಸ್ನಾನವೆಂಬುದು ಅಪರೂಪ. ಹಗಲು ಇರುಳೆಂಬ ಭೇದ ಗಡಿಯಾರದಲ್ಲಿ ಮಾತ್ರ.

ಇಷ್ಟೇ ಆಗಿದ್ದರೆ ಕಷ್ಟಸಹಿಷ್ಣುತೆಯ ಮಾತೆಂದು ಬಿಡಬಹುದಾಗಿತ್ತು. ಆದರೆ ಇನ್ನೊಂದು ವಿಶೇಷವುಂಟು. ಹರಿಗೋಲಿನಲ್ಲಿ ಹುಟ್ಟು ಹಾಕುವವನೊಬ್ಬ ಎಚ್ಚರವಾಗಿದ್ದರೆ ಸಾಕು, ಉಳಿದವರು ಹರಟೆ ಹೊಡೆಯುತ್ತ ದಡ ಸೇರಬಹುದು. ಜಲಾಂತರ್ಗಾಮಿಯಲ್ಲಿ ಹಾಗಿಲ್ಲ. ಒಬ್ಬನು ಒಂದು ಕವಾಟವನ್ನು ತಪ್ಪಾಗಿ ತಿರುಗಿಸಿದರೆ ಎಲ್ಲರಿಗೂ ಅಪಾಯ. ಆದುದರಿಂದ ಅಡಿಗೆಯವನೇ ಇರಲಿ, ಅಧಿಕಾರಿಯೇ ಇರಲಿ, ನೌಕೆಯ ಎಲ್ಲ ಭಾಗಗಳ ಕೆಲಸವನ್ನೂ ಕಲಿತು ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ಎದೆಯ ಮೇಲಿನ ಬಿರುದು ದೊರೆಯುತ್ತದೆ. ಪ್ರತಿಯೊಬ್ಬನ ಪ್ರಾಣವೂ ಉಳಿದವರ ಕೈಯಲ್ಲಿ. ಒಂದೇ ತಾಯ ಒಡಲಿನಲ್ಲಿ ಹುಟ್ಟಿದವರನ್ನು ಒಡಹುಟ್ಟಿದವರೆನ್ನುತ್ತೇವೆ. ಇವರು ಒಂದೇ ಉಕ್ಕಿನ ಒಡಲಿನಲ್ಲಿ ಕೂಡಿ ಬಾಳಿದವರು. ಕೇರಳದಿಂದ ಪತ್ರ ಬಂದದ್ದು ಇದರಿಂದಲೇ.

ಆ ಅಪಾಯ ಬರಿಯ ಮಾತಿನದಲ್ಲ. 2013ರ ಆಗಸ್ಟ್ 14ರಂದು, ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಮುಂಬಯಿಯ ನೌಕಾಂಗಣದಲ್ಲಿ ನಿಂತಿದ್ದ 'ಸಿಂಧುರಕ್ಷಕ್' ಸ್ಫೋಟಗೊಂಡು ಮುಳುಗಿತು. ಅದರೊಳಗಿದ್ದ 18 ಮಂದಿ ಮಡಿದರು. ಅಂದು ಸೇವೆಯಲ್ಲಿದ್ದವರೂ ನಿವೃತ್ತರಾದವರೂ ಸತ್ತವರ ಹೆಸರುಗಳಿಗಾಗಿ ಎಷ್ಟು ಕಾತರದಿಂದ ಕಾದಿದ್ದಿರಬೇಕು ಎಂಬುದನ್ನು ಊಹಿಸಿಕೊಳ್ಳಬಹುದು.

ಇನ್ನು ಈ ಪತ್ರಿಕೆಯ ವಾಚಕರಿಗೆ ಹತ್ತಿರವಾದ ಒಂದು ಸಂಗತಿ. ನೀರಿನೊಳಗಿರುವ ನೌಕೆಯೊಡನೆ ದಡದವರು ಮಾತನಾಡುವುದು ಹೇಗೆ? ಉಪ್ಪುನೀರಿನಲ್ಲಿ ವಿದ್ಯುತ್ತು ಹರಿಯುವುದರಿಂದ ಅದು ರೇಡಿಯೋ ತರಂಗಗಳನ್ನು ನುಂಗಿಬಿಡುತ್ತದೆ. ತರಂಗ ಎಷ್ಟು ಉದ್ದವೋ ಅಷ್ಟು ಆಳಕ್ಕೆ ಇಳಿಯಬಲ್ಲುದು. ನಾವು ಕೇಳಿ ಬೆಳೆದ ಧಾರವಾಡ ಕೇಂದ್ರದ 765 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 392 ಮೀಟರು. ಅದಕ್ಕೆ ಕಡಲನ್ನು ಹೊಗುವ ಶಕ್ತಿ ಸಾಲದು. ಇದಕ್ಕೆಂದೇ 10ರಿಂದ 100 ಕಿಲೋಮೀಟರಿನಷ್ಟು ಉದ್ದದ ತರಂಗಗಳನ್ನು ಬಳಸುತ್ತಾರೆ. ಇವು ಬಹುದೂರ ಹೋಗುವುದಲ್ಲದೆ ನೀರಿನೊಳಗೂ ಕೆಲವು ಮೀಟರುಗಳಷ್ಟು ಇಳಿಯುತ್ತವೆ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿರುವ 'ಕಟ್ಟಬೊಮ್ಮನ್' ಎಂಬ ನೌಕಾಕೇಂದ್ರವು 1990ರಿಂದ ಈ ಕೆಲಸ ಮಾಡುತ್ತಿದೆ. ಈ ತರಂಗದ ಮೇಲೆ ಹಾಡನ್ನಾಗಲಿ ಮಾತನ್ನಾಗಲಿ ಕಳಿಸಲಾಗದು. ಸಂಕೇತಾಕ್ಷರಗಳು ನಿಧಾನವಾಗಿ ಹೋಗುತ್ತವೆ.

ಇದರಲ್ಲಿ ಗಮನಿಸತಕ್ಕ ಅಂಶವೆಂದರೆ ನೌಕೆಯು ಕೇಳುತ್ತದೆಯೇ ಹೊರತು ಉತ್ತರ ಕೊಡುವುದಿಲ್ಲ. ಇಂಥ ತರಂಗವನ್ನು ಹೊಮ್ಮಿಸುವ ಕಂಬಗಳು ಅದರಲ್ಲಿ ಹಿಡಿಸಲಾರವು. ಬೇರೆ ರೀತಿಯಿಂದ ಉತ್ತರ ಕೊಟ್ಟರೂ ತಾನಿರುವ ಸ್ಥಳ ವೈರಿಗೆ ತಿಳಿದೀತು. ಹೀಗಾಗಿ ಮೌನವೇ ಅದರ ಧರ್ಮ, ಕರೆಯುತ್ತಲೇ ಇರುವುದು ದಡದವರ ಧರ್ಮ.

ನಿವೃತ್ತನಾಗಿ ಊರಿಗೆ ಬಂದ ನಾವಿಕನೂ ಹಲವು ಸಲ ಹೀಗೆಯೇ ಮೌನಿಯಾಗಿಬಿಡುತ್ತಾನೆ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಸೇರಿ ಹದಿನೈದು ವರ್ಷ ದುಡಿದವನಿಗೆ, ಹೊರಬರುವಾಗ ಮೂವತ್ತೈದರ ಆಜುಬಾಜು. ಮುಂದೆ ಅರ್ಧ ಬಾಳು ಇದೆ. ಅವನು ಕಲಿತ ವಿದ್ಯೆಗೆ ಊರಿನಲ್ಲಿ ಕೆಲಸವಿಲ್ಲ. ಕಂಡದ್ದನ್ನು ಹೇಳೋಣವೆಂದರೆ ಅರ್ಧ ಗುಟ್ಟು, ಉಳಿದರ್ಧ ಕೇಳುವವರಿಗೆ ಅರ್ಥವಾಗದು.

ಪತ್ರವನ್ನು ಹಿಡಿದು ನಾನು ಶಿಷ್ಯನ ಮನೆಗೆ ಹೋದಾಗ ಬಾಗಿಲಲ್ಲಿ ಸಿಕ್ಕವಳು ಅವನ ಹೆಂಡತಿ. "ಬರ್ರಿ ಸರ. ಅವ್ರು ಯಾರ ಜೋಡೀನೂ ಮಾತಾಡಂಗಿಲ್ರಿ. ರಾತ್ರಿ ನಿದ್ದಿ ಇಲ್ಲ, ಮಾಳಿಗಿ ಮ್ಯಾಲ ಹೋಗಿ ಕುಂದರ್ತಾರ" ಎಂದಳು. ನಿವೃತ್ತಿಯ ಹಣವನ್ನೆಲ್ಲ ಹೊಲದಲ್ಲಿ ಬೋರು ಹಾಕಿಸಲು ಸುರಿದಿದ್ದನು. ಮೂರು ಕಡೆ ಕೊರೆಸಿದರೂ ನೀರು ಬೀಳಲಿಲ್ಲ. ಮೇಲೆ ಸಾಲವಾಗಿತ್ತು. ಸಾಲಗಾರರ ಕಾಟಕ್ಕೆ ಫೋನಿನ ಸಂಖ್ಯೆಯನ್ನೂ ಬದಲಿಸಿದ್ದನು. ನೀರಿನೊಳಗೆ ಬಾಳಿ ಬಂದವನನ್ನು ನೀರಿಲ್ಲದ ನೆಲ ಹೀಗೆ ಸೋಲಿಸಿತ್ತು.

ಅವನು ಪತ್ರವನ್ನು ಎರಡು ಸಲ ಓದಿದನು. "ಯಾರಿಗಿ ಹೇಳ್ಬೇಕ್ರಿ ಸರ? ನಾಚಿಕಿ ಬಂತ್ರಿ" ಎಂದನು. "ನಿನ್ನನ್ನು ಕೇಳಿದವರು ಇದ್ದಾರಲ್ಲಪ್ಪ, ಅವರಿಗೆ ಹೇಳು" ಎಂದೆನು. ಅಂದು ಸಂಜೆ ಪತ್ರದಲ್ಲಿದ್ದ ಸಂಖ್ಯೆಗೆ ಫೋನು ಮಾಡಿ, ಕೇರಳದವನೊಡನೆ ಎರಡು ತಾಸು ಹಿಂದಿಯಲ್ಲಿ ಮಾತನಾಡಿದನಂತೆ.

ಆಮೇಲೆ ಸಾಲವೇನೂ ಮಾಯವಾಗಲಿಲ್ಲ. ಆದರೆ ಮಾಜಿ ಸೈನಿಕರಿಗೆ ಸರಕಾರಿ ನೌಕರಿಗಳಲ್ಲಿರುವ ಮೀಸಲಾತಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿಂದ ದೊರೆಯುವ ನೆರವು, ಯಾವ ಅರ್ಜಿಗೆ ಯಾವ ಕಾಗದ ಬೇಕು ಎಂಬುದನ್ನೆಲ್ಲ ಅದೇ ದಾರಿಯಲ್ಲಿ ಮೊದಲು ನಡೆದ ಗೆಳೆಯರು ಒಂದೊಂದಾಗಿ ತಿಳಿಸಿಕೊಟ್ಟರು. ಈಗ ಅವನಿಗೊಂದು ನೌಕರಿಯಿದೆ. ರಾತ್ರಿ ನಿದ್ದೆ ಬರುತ್ತದೆಂದು ಅವನ ಹೆಂಡತಿ ಹೇಳುತ್ತಾಳೆ.

ಆ ನೌಕೆಯ ಗೆಳೆಯರು ಇದರಿಂದ ಪಾಠ ಕಲಿತರು. ಅವರ ಪಟ್ಟಿಯಲ್ಲಿ ಈಗ ಬರಿಯ ಫೋನಿನ ಸಂಖ್ಯೆಯಿಲ್ಲ. ಊರು, ಅಂಚೆ, ಓದಿದ ಶಾಲೆ, ಹೆಂಡತಿಯ ಹೆಸರು, ನೆರೆಮನೆಯವರ ಸಂಖ್ಯೆ ಎಲ್ಲವೂ ಇವೆ. ಒಬ್ಬೊಬ್ಬನೂ ಇಬ್ಬರನ್ನು ತಿಂಗಳಿಗೊಮ್ಮೆ ವಿಚಾರಿಸಬೇಕು. ನವೆಂಬರ್ ತಿಂಗಳಲ್ಲಿ, ಪಿಂಚಣಿದಾರರು ಜೀವಿತ ಪ್ರಮಾಣಪತ್ರವನ್ನು ಕೊಡಬೇಕಾದ ಹೊತ್ತಿಗೆ, ಎಲ್ಲರಿಗೂ ನೆನಪು ಮಾಡುತ್ತಾರೆ. ಗೆಳೆಯನೊಬ್ಬ ತೀರಿಕೊಂಡರೆ ಕುಟುಂಬ ಪಿಂಚಣಿಯ ಕಾಗದಗಳು ಮುಗಿಯುವವರೆಗೆ ಅವನ ಹೆಂಡತಿಯ ಬೆನ್ನಿಗೆ ನಿಲ್ಲುತ್ತಾರೆ. ಕಲ್ವರಿ ಸೇವೆಗೆ ಸೇರಿದ ಡಿಸೆಂಬರ್ 8ನ್ನು ಜಲಾಂತರ್ಗಾಮಿ ದಿನವೆಂದು ಆಚರಿಸುತ್ತಾರಷ್ಟೆ. ಅಂದು ಕೂಡಲು ಸಾಧ್ಯವಾದವರು ಒಂದೆಡೆ ಕೂಡುತ್ತಾರೆ. ನನ್ನ ಶಿಷ್ಯನೂ ಒಮ್ಮೆ ಮಕ್ಕಳನ್ನು ಕರೆದುಕೊಂಡು ವಿಶಾಖಪಟ್ಟಣಕ್ಕೆ ಹೋಗಿದ್ದನು. ಅಲ್ಲಿ 1969ರಿಂದ 2001ರವರೆಗೆ ದುಡಿದ 'ಕುರ್ಸುರಾ' ಎಂಬ ಜಲಾಂತರ್ಗಾಮಿಯನ್ನು ಕಡಲತಡಿಗೆ ಎಳೆದು ತಂದು 2002ರಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ತಂದೆ ಹದಿನೈದು ವರ್ಷ ಎಂಥ ಜಾಗದಲ್ಲಿದ್ದನೆಂಬುದು ಮಕ್ಕಳಿಗೆ ಅಂದು ತಿಳಿಯಿತು.

ಹೆಸರು ಹಿಡಿದು ಕರೆಯುವುದರಲ್ಲಿ ಎಂಥ ಬಲವಿದೆಯೆಂಬುದು ರೇಡಿಯೋ ಕೇಳುವವರಿಗೆ ಹೊಸದಾಗಿ ಹೇಳಬೇಕಾದುದಲ್ಲ. 1957ರಲ್ಲಿ ಆರಂಭವಾದ ವಿವಿಧ ಭಾರತಿಯ 'ಜಯಮಾಲಾ' ಕಾರ್ಯಕ್ರಮದಲ್ಲಿ, ಹಾಡು ಬೇಕೆಂದು ಬರೆದ ಯೋಧರ ಹೆಸರುಗಳನ್ನು ಓದುತ್ತಿದ್ದರು. ಹಾಡನ್ನು ಎಲ್ಲರೂ ಕೇಳುತ್ತಿದ್ದರು. ಆ ಹೆಸರಿನವನ ಮನೆಯವರು ಮಾತ್ರ ಹೆಸರಿಗಾಗಿಯೇ ಕಾದು ಕೂಡುತ್ತಿದ್ದರು.

ನಮ್ಮ ಸೀಮೆಯ ಹಳ್ಳಿಗಳಲ್ಲಿ ಭೂಸೇನೆ, ನೌಕಾಸೇನೆ, ವಾಯುಸೇನೆಗಳಿಂದ ಮರಳಿದವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರ ಹಳೆಯ ಒಡನಾಡಿಗಳು ದೂರದ ಊರುಗಳಲ್ಲಿದ್ದಾರೆ. ಇಬ್ಬರ ನಡುವೆ ಕೊಂಡಿಯಾಗಲು ಶಾಲೆಯ ಮಾಸ್ತರರಿಗೆ, ಅಂಚೆಯಣ್ಣನಿಗೆ, ಪಂಚಾಯಿತಿಯವರಿಗೆ ಕಷ್ಟವೇನಿಲ್ಲ. ಸುಮ್ಮನಿದ್ದವನು ಸುಖವಾಗಿದ್ದಾನೆಂದು ತಿಳಿಯಬಾರದು. ಮುಂದಿನ ಡಿಸೆಂಬರ್ 7ರಂದು ಮಕ್ಕಳು ಧ್ವಜ ಹಿಡಿದು ನಿಮ್ಮ ಬಾಗಿಲಿಗೆ ಬಂದಾಗ ಕಾಣಿಕೆ ಕೊಡಿರಿ. ಜೊತೆಗೆ ನಿಮ್ಮ ಓಣಿಯಲ್ಲಿರುವ ಮಾಜಿ ಸೈನಿಕನ ಮನೆಗೆ ಹೋಗಿ ಅವನ ಹೆಸರು ಹಿಡಿದು ಕರೆದು ಬನ್ನಿರಿ.