ಮಹಾಲ್ ಗಲ್ಲಿಯಲ್ಲಿ ಒಂದು ತಂಬೂರಿ, ಒಂದು ಹಿಡಿ ಅರಗು

ನಾಗಪುರದ ಇತ್ವಾರಿ ಪೇಟೆಯ ಬಣ್ಣದಂಗಡಿಯಲ್ಲಿ ನಿಂತು ‘ಚಪಡಾ’ ಬೇಕು ಎಂದೆ. ಅಂಗಡಿಯವರು ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ತಕ್ಕಡಿಗೆ ಸುರಿದರು. ಹಪ್ಪಳದ ಚೂರಿನಂಥ ತೆಳು ತುಣುಕುಗಳು. ಬಿಸಿಲಿಗೆ ಹಿಡಿದರೆ ಜೇನಿನ ಬಣ್ಣ, ಬೆರಳಲ್ಲಿ ಮುರಿದರೆ ಚಟ್ಟೆಂಬ ಸದ್ದು. ಇದೇ ನಮ್ಮ ಅರಗು. ಕಾಲು ಕಿಲೋ ಕಟ್ಟಿಸಿಕೊಂಡು ಮಹಾಲ್ ಕಡೆಗೆ ನಡೆದೆ.

ಮಹಾಲ್ ಎಂದರೆ ಭೋಂಸಲೆ ಅರಸರ ಕಾಲದ ಹಳೆಯ ನಾಗಪುರ. ಗಾಂಧಿ ಗೇಟ್ ದಾಟಿ ಒಳಗೆ ಹೋದರೆ ಗಲ್ಲಿಗಳು ಕಿರಿದಾಗುತ್ತ ಹೋಗುತ್ತವೆ. ಅಂಥದೊಂದು ಗಲ್ಲಿಯಲ್ಲಿ, ಹತ್ತಡಿ ಅಗಲದ ಕೋಣೆಯಲ್ಲಿ ವಾದ್ಯ ರಿಪೇರಿ ನಡೆಯುತ್ತದೆ. ಗೋಡೆಯ ಮೇಲೆ ತಂತಿಯಿಲ್ಲದ ಸಿತಾರುಗಳು, ಮೂಲೆಯಲ್ಲಿ ಒಡೆದ ಸೋರೆ ಬುರುಡೆಗಳು, ಎಲ್ಲಕ್ಕೂ ಸ್ಪಿರಿಟ್ಟಿನ ವಾಸನೆ. ಅದನ್ನು ನಡೆಸುವ ಚಾಚಾ ಚಿಕ್ಕಂದಿನಲ್ಲಿ ಮಿರಜದಲ್ಲಿ ಕೆಲಸ ಕಲಿತವರು. ಗಡಿಯ ಊರಿನ ನೀರು ಕುಡಿದವರಾದ್ದರಿಂದ ಬೆಳಗಾವಿ ಕಡೆಯ ಕನ್ನಡ ಇನ್ನೂ ನಾಲಿಗೆಯ ಮೇಲಿದೆ.

ಅವರ ಮುಂದೆ ಮಲಗಿದ್ದುದು ನನ್ನ ಅಮ್ಮನ ತಂಬೂರಿ. ಅಮ್ಮ ಧಾರವಾಡದಲ್ಲಿ ಹಾಡು ಕಲಿಯುತ್ತಿದ್ದಾಗ ಮಿರಜದಿಂದ ತರಿಸಿದ್ದು. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ರಿಪೇರಿಗೆ ಕೊಟ್ಟಾಗ ಹೊಸದರಂತೆ ಹೊಳೆಯುತ್ತ ಮನೆಗೆ ಬಂದಿತ್ತು. ಮೀಟಿದರೆ ಮಾತ್ರ ನಾದ ಎಲ್ಲೋ ಒಳಗೇ ಉಳಿದ ಹಾಗೆ. ಚಾಚಾ ಉಗುರಿನಿಂದ ತಬ್ಲಿಯನ್ನು ತಟ್ಟಿ ನೋಡಿದರು.

“ಇದಕ್ಕ ಪ್ಲಾಸ್ಟಿಕ್ ಅಂಗಿ ಯಾರ್ ತೊಡಿಸ್ಯಾರ್ರಿ, ಅಕ್ಕಾರ?”

ಅದು ಪಿ.ಯು., ಅಂದರೆ ಪಾಲಿಯುರೆಥೇನ್ ಪಾಲಿಶ್. ಮೇಜಿಗೆ, ಬಾಗಿಲಿಗೆ ಒಳ್ಳೆಯದು. ತಬ್ಲಿ ಎಂದರೆ ಬುರುಡೆಯ ಬಾಯಿಯನ್ನು ಮುಚ್ಚುವ ಮರದ ತೆಳು ಹಲಗೆ. ತಂತಿಯ ನಡುಕವನ್ನು, ತಂತಿಗಳನ್ನು ಹೊತ್ತ ಕುದುರೆಯ ಮೂಲಕ ಪಡೆದು ಗಾಳಿಗೆ ಕೊಡುವುದು ಅದೇ. ಅದರ ಮೇಲೆ ದಪ್ಪ ಪದರ ಕೂತರೆ ಭಾರವೂ ಹೆಚ್ಚುತ್ತದೆ, ನಡುಕವೂ ಮಂದವಾಗುತ್ತದೆ. ಇನ್ನೂ ದೊಡ್ಡ ತೊಂದರೆ ಬೇರೆ. ಆ ಪದರ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಎಲ್ಲಾದರೂ ಗೀರು ಬಿದ್ದರೆ ಅಷ್ಟನ್ನೇ ತಿದ್ದಲು ಬರುವುದಿಲ್ಲ, ಇಡೀ ಮೈ ಸುಲಿಯಬೇಕು. ಚಾಚಾ ಒಡೆದ ಗಾಜಿನ ಚೂರಿನ ಅಂಚಿನಿಂದ ಎರಡು ದಿನ ಕೆರೆದರು. ಸುರುಳಿ ಸುರುಳಿಯಾಗಿ ಬಿಳಿ ಸಿಪ್ಪೆ ಬಿತ್ತು. ಕೆಳಗೆ ಕೆಂಪು ತುಣ್ ಮರ ಕಂಡಿತು. ನಮ್ಮ ಮಲೆನಾಡಿನವರು ಗಂಧಗರಿಗೆ ಎನ್ನುವ ಮರ ಇದೇ.

ಮೂರನೆಯ ದಿನದ್ದು ಅರಗಿನ ಕೆಲಸ. ಹಿಂದಿನ ರಾತ್ರಿಯೇ ಗಾಜಿನ ಬಾಟಲಿಯಲ್ಲಿ ಚಪಡಾ ನೆನೆಹಾಕಿದ್ದರು. ತಗಡಿನ ಡಬ್ಬಿ ಕೂಡದು, ಕಬ್ಬಿಣ ತಾಗಿದರೆ ಅರಗು ಕಪ್ಪಾಗುತ್ತದೆ. ಮೊದಲ ಲೇಪಕ್ಕೆ ನೂರು ಮಿಲಿ ಸ್ಪಿರಿಟ್ಟಿಗೆ ಹತ್ತು–ಹನ್ನೆರಡು ಗ್ರಾಂ ಸಾಕು, ಮಜ್ಜಿಗೆ ನೀರಿನಷ್ಟು ತೆಳು. ಆಮೇಲಿನ ಲೇಪಗಳಿಗೆ ಅದರ ಎರಡರಷ್ಟು. ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಒಂದು ಹನಿಯನ್ನು ಕನ್ನಡಿಯ ಚೂರಿನ ಮೇಲೆ ಬಿಟ್ಟು ಕಾದರು. ಅಂಟದೆ ಗಟ್ಟಿಯಾಗಿ ಒಣಗಿತು. ಈ ಪರೀಕ್ಷೆಯನ್ನು ಬಿಡುವ ಹಾಗಿಲ್ಲ. ಸ್ಪಿರಿಟ್ಟಿನಲ್ಲಿ ಕರಗಿದ ಅರಗು ತಿಂಗಳುಗಳು ಕಳೆದಂತೆ ಕೆಡುತ್ತದೆ. ಕೆಟ್ಟದ್ದನ್ನು ಹಚ್ಚಿದರೆ ಎಷ್ಟು ದಿನವಾದರೂ ಕೈಗೆ ಅಂಟುತ್ತಲೇ ಇರುತ್ತದೆ. ಒಣ ಚಪಡಾ ತಂಪಾದ ಜಾಗದಲ್ಲಿ ಬಹಳ ಕಾಲ ಬಾಳುತ್ತದೆ. ಆದ್ದರಿಂದ ಬೇಕಾದಾಗ ಬೇಕಾದಷ್ಟೇ ಕರಗಿಸುವುದು ಅವರ ರೂಢಿ.

ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ ಅರಗಿನಲ್ಲಿ ಅದ್ದಿ ಹಿಂಡಿದರು. ಕೈ ಮರದ ಮೇಲೆ ಎಲ್ಲೂ ನಿಲ್ಲಲಿಲ್ಲ. ನಿಂತರೆ ಬಟ್ಟೆಯ ಅಚ್ಚು ಕಚ್ಚಿಕೊಳ್ಳುತ್ತದೆ. ನೋಡುತ್ತಿದ್ದಂತೆ ಮರದ ಮಂಕು ಕೆಂಪು ಒದ್ದೆ ಮಣ್ಣಿನ ಕೆಂಪಿಗೆ ತಿರುಗಿತು, ಮರೆತುಹೋಗಿದ್ದ ಎಳೆಗಳು ಮೇಲೆದ್ದವು. ಸ್ಪಿರಿಟ್ ಹಾರಿಹೋಗಲು ಕೆಲವೇ ನಿಮಿಷ. ಬೆರಳಾಡಿಸಿದರೆ ಸಣ್ಣ ಮುಳ್ಳುಗಳಂತೆ ನಾರು ಎದ್ದಿತ್ತು. ನುಣುಪಾದ ಉಪ್ಪುಕಾಗದದಿಂದ ಅದನ್ನು ಹಗುರವಾಗಿ ತೀಡಿ ಎರಡನೆಯ ಲೇಪ ಕೊಟ್ಟರು. ಸೋರೆ ಬುರುಡೆ ಮಾತ್ರ ಬಾಯಾರಿದಂತೆ ಕುಡಿಯಿತು, ಅದಕ್ಕೆ ಇನ್ನೊಂದು ಸಲ ಬೇಕಾಯಿತು.

ಈ ಮೊದಲ ಲೇಪ ಹೊಳಪಿಗಲ್ಲ, ಮರದ ಬಾಯಿ ಮುಚ್ಚಲಿಕ್ಕೆ. ಮರದ ರಂಧ್ರ ತುಂಬಬೇಕು, ಒಳಗಿನ ಎಣ್ಣೆ–ರಾಳ ಮೇಲೆ ಬರಬಾರದು, ಆಮೇಲೆ ಹಚ್ಚುವ ಕೆಂಪು ಬಣ್ಣ ಬಿಳಿ ಅಂಚುಪಟ್ಟಿಗೆ ಹರಿಯಬಾರದು. ಅರಗು ಇಷ್ಟನ್ನೂ ತೆಳುವಾಗಿದ್ದುಕೊಂಡೇ ಮಾಡುತ್ತದೆ. ನಾಗಪುರದಂಥ ಊರಿನಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ಒಣ ಬಿಸಿಲು, ಜೂನ್‌ನಲ್ಲಿ ಮಳೆ. ಮರ ಬೇಸಗೆಯಲ್ಲಿ ಕುಗ್ಗುತ್ತದೆ, ಮಳೆಯಲ್ಲಿ ಹಿಗ್ಗುತ್ತದೆ, ಅಂಟಿನ ಜಾಗ ಬಿಡುತ್ತದೆ. ಗಾಳಿಯ ತೇವ ಮರದೊಳಗೆ ಹೋಗುವ ವೇಗವನ್ನು ಅರಗು ಚೆನ್ನಾಗಿ ತಗ್ಗಿಸುತ್ತದೆ. ಬುರುಡೆಗೆ ಕುತ್ತಿಗೆ ಕೂಡಿಸಿರುವುದು ಮರವಜ್ರದಿಂದ. ಆ ಅಂಟು ನೀರಿಗೆ ಸಡಿಲುತ್ತದೆ, ಸ್ಪಿರಿಟ್ಟಿಗೆ ಕರಗುವುದಿಲ್ಲ, ಹಾಗಾಗಿ ಅರಗಿನ ಲೇಪದಿಂದ ಅದಕ್ಕೆ ಕೇಡಿಲ್ಲ.

ಅರಗು ಎಂದರೆ ನಮಗೆ ಪಾಂಡವರ ಅರಗಿನ ಮನೆ ನೆನಪಾಗುತ್ತದೆ. ಅರಗಿನ ದೌರ್ಬಲ್ಯ ಇರುವುದೂ ಶಾಖದಲ್ಲೇ. ಎಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಅರಗು ಮೆತ್ತಗಾಗುತ್ತದೆ. ಬಾಗಿಲು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ತಂಬೂರಿ ಬಿಟ್ಟರೆ ಗವಸಿನ ನೇಯ್ಗೆಯ ಅಚ್ಚು ಮೈಮೇಲೆ ಮೂಡಬಹುದು. ನೀರು ನಿಂತರೆ ಬಿಳಿ ಕಲೆ. ಮಳೆಗಾಲದ ತೇವದಲ್ಲಿ ಹಚ್ಚಿದರೆ ಮಂಜು ಕವಿದಂತೆ ಮಸುಕು. ಹಾಗಾಗಿ ಶ್ರಾವಣ ಕಳೆಯುವವರೆಗೆ ಚಾಚಾ ಪಾಲಿಶ್ ಕೆಲಸ ಹಿಡಿಯುವುದಿಲ್ಲ. ರಾಳ ಬೆರೆಸಿದ ಅಗ್ಗದ ಮಾಲು ಬಿರುಕು ಬಿಡುತ್ತದೆ. ಅರಗಿನ ಮೇಲೆ ಬೇರೆ ಜಾತಿಯ ವಾರ್ನಿಶ್ ಬಳಿಯುವವರು ಮೇಣ ತೆಗೆದ ಅರಗನ್ನೇ ಕೊಳ್ಳಬೇಕು, ಮೇಣವಿದ್ದರೆ ಮೇಲಿನ ಪದರ ಸರಿಯಾಗಿ ಹಿಡಿಯದು. ಅರಗಿನ ಮೇಲೆ ಅರಗೇ ಆದರೆ ಆ ಚಿಂತೆಯಿಲ್ಲ. ತಂತಿ ತಾಗುವ ಕುದುರೆಯ ಮೈಗೂ, ಅಂದರೆ ಜವಾರಿಗೂ, ಬಿರಡೆಗಳ ರಂಧ್ರಕ್ಕೂ ಲೇಪ ತಾಗಕೂಡದು. ಕಿಟಕಿ ತೆರೆದಿರಬೇಕು, ದೀಪ–ಬೆಂಕಿ ದೂರವಿರಬೇಕು.

ಚಹಾ ಬಂತು. ಚಾಚಾ ಚಪಡಾದ ಒಂದು ಚೂರು ಎತ್ತಿ ಹಿಡಿದು, “ಇದು ನಮ್ ಗೊಂದಿಯಾ ಕಡೀದೂ ಇರಬಹುದು” ಎಂದರು. ನಾಗಪುರದ ಪೂರ್ವಕ್ಕೆ ಭಂಡಾರಾ, ಗೊಂದಿಯಾಗಳ ಕಡೆ ಮುತ್ತುಗದ ಕಾಡು. ನಾವು ಎಲೆ ಕಟ್ಟಿ ಊಟ ಬಡಿಸುವ ಅದೇ ಮುತ್ತುಗ, ಆಗ ಮಾರ್ಚಿನಲ್ಲಿ ಕೆಂಡದಂತೆ ಹೂ ಬಿಟ್ಟಿತ್ತು. ಅದರ ಎಳೆ ರೆಂಬೆಗಳಿಗೆ ಅರಗಿನ ಹುಳು ಕಚ್ಚಿ ರಸ ಹೀರುತ್ತದೆ. ಸಾಸಿವೆಗಿಂತ ಸಣ್ಣ ಹುಳು ತನ್ನ ಮೈಯ ಸುತ್ತ ತಾನೇ ಕಟ್ಟಿಕೊಳ್ಳುವ ಮನೆಯೇ ಅರಗು. ಮುತ್ತುಗ, ಬೋರೆ ಮರಗಳಲ್ಲಿ ಬೆಳೆಯುವುದು ರಂಗೀನಿ ತಳಿ, ಸಾಗಡೆ ಮರದ್ದು ಕುಸುಮಿ. ಕುಸುಮಿಯ ಬಣ್ಣ ತಿಳಿ, ಬೆಲೆ ಹೆಚ್ಚು. ರೆಂಬೆಯಿಂದ ಕೆರೆದು, ತೊಳೆದು, ಕಾಯಿಸಿ, ಬಟ್ಟೆಯ ಚೀಲದಲ್ಲಿ ಹಿಂಡಿ, ಹಾಳೆಯಾಗಿ ಎಳೆದರೆ ಚಪಡಾ. ಈ ಹುಳುವಿನ ಬೆಳೆಗಾಗಿ ರಾಂಚಿ ಹತ್ತಿರದ ನಾಮ್‌ಕುಮ್‌ನಲ್ಲಿ 1924ರಲ್ಲೇ ಸಂಶೋಧನಾ ಸಂಸ್ಥೆ ಶುರುವಾಯಿತು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಕೊಡುವುದೂ ಇದೇ ಅರಗು. ಅಲ್ಲಿ ಸ್ಪಿರಿಟ್ ಇಲ್ಲ, ತಿರುಗುವ ಮರಕ್ಕೆ ಒತ್ತಿದ ಶಾಖಕ್ಕೇ ಕರಗಿ ಹತ್ತುತ್ತದೆ.

ಗೊಂದಿಯಾದಿಂದ ಕೊಲ್ಹಾಪುರಕ್ಕೆ ಓಡುವ ಮಹಾರಾಷ್ಟ್ರ ಎಕ್ಸ್‌ಪ್ರೆಸ್ ನಾಗಪುರ ದಾಟಿ ಮಿರಜದಲ್ಲೂ ನಿಲ್ಲುತ್ತದೆ. ಅರಗಿನ ಕಾಡನ್ನೂ ತಂಬೂರಿಯ ಊರನ್ನೂ ಒಂದೇ ರೈಲು ಕೂಡಿಸಿದೆ. ಮಿರಜದ ಈ ಕಸುಬಿಗೆ ನೂರೈವತ್ತು ವರ್ಷಕ್ಕೂ ಮಿಕ್ಕಿದ ವಯಸ್ಸು. ಆಯುಧ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದ್‌ಸಾಹೇಬರಿಂದ ಅದು ಬೆಳೆಯಿತು. ಮಿರಜದ ಸಿತಾರ್‌ಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಅದೇ ಊರಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಆ ಶಿಷ್ಯರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. 1937ರಲ್ಲಿ ತೀರಿಕೊಂಡ ಖಾನಸಾಹೇಬರ ದನಿಯನ್ನು ನಮಗಾಗಿ ಉಳಿಸಿಕೊಟ್ಟದ್ದೂ ಅರಗೇ. ಆ ಕಾಲದ 78 ಸುತ್ತಿನ ಗ್ರಾಮಫೋನ್ ತಟ್ಟೆಗಳನ್ನು ಅರಗಿಗೆ ಕಲ್ಲಿನ ಪುಡಿ, ಮಸಿ ಬೆರೆಸಿ ಅಚ್ಚು ಹಾಕುತ್ತಿದ್ದರು.

ಸಂಜೆ ಚಾಚಾ ತಬ್ಲಿಯ ಮೇಲೆ ತಾವೇ ಉಗುರಿನಿಂದ ಒಂದು ಗೀರು ಎಳೆದಾಗ ನನ್ನ ಜೀವ ಬಾಯಿಗೆ ಬಂತು. ಅವರು ಸ್ಪಿರಿಟ್ ತಾಗಿಸಿದ ಬಟ್ಟೆಯ ಉಂಡೆಯನ್ನು ಅದರ ಮೇಲೆ ಎರಡು ಸಲ ಆಡಿಸಿದರು. ಗೀರು ಇರಲಿಲ್ಲ. ಹೊಸ ಅರಗು ಹಳೆಯ ಅರಗನ್ನು ಕರಗಿಸಿ ಅದರೊಳಗೇ ಸೇರುತ್ತದೆ, ನಡುವೆ ಗೆರೆ ಉಳಿಯುವುದಿಲ್ಲ.

“ಒಂದ್ ತಂಬೂರಿಗೆ ನಾಕ್ ಮಂದಿ ಕೈ ಹತ್ತತಾವ್ರಿ. ಮುಂದ ಬರಾಂವಗ ದಾರಿ ಬಿಟ್ಟ ಕೆಲಸಾ ಮಾಡಬೇಕು.”

ಅರಗನ್ನು ಆರಿಸುವುದೇಕೆ ಎಂಬ ನನ್ನ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ಸಿಗಲಿಲ್ಲ. ಗಟ್ಟಿತನದಲ್ಲಿ ಹೊಸ ಲೇಪಗಳು ಅರಗನ್ನು ಮೀರಿಸಿವೆ, ನಿಜ. ಆದರೆ ತಂಬೂರಿ ಒಬ್ಬರ ಆಯುಷ್ಯಕ್ಕೆ ಮುಗಿಯುವ ವಸ್ತುವಲ್ಲ. ಅಮ್ಮನಿಂದ ನನಗೆ ಬಂದದ್ದು ನನ್ನ ಮಗಳಿಗೆ ಹೋಗಬೇಕು. ಅದರ ಮೈಗೆ ಹಚ್ಚುವುದು ಅವಳ ಕಾಲದ ಕೈಗೂ ಬಗ್ಗುವಂತಿರಬೇಕು.

ಉಳಿದ ಲೇಪಗಳೂ ಮುಗಿದು ಒಣಗಿದ ಮೇಲೆ ತಂತಿ ಕಟ್ಟಿ, ಕುದುರೆಯ ಮೇಲೆ ಜೀವಾಳದ ದಾರ ಸರಿಸಿ, ಷಡ್ಜ ಕೂಡಿಸಿ ನನ್ನ ಕೈಗೆ ಕೊಟ್ಟರು. ಮೀಟಿದೆ. ನಾದ ಬುರುಡೆಯಿಂದ ಎದ್ದು ಎದೆಗೆ ತಾಗಿತು. ಹೊರಡುವಾಗ ಮಿಕ್ಕಿದ್ದ ಚಪಡಾವನ್ನು ಕಾಗದದಲ್ಲಿ ಕಟ್ಟಿ ಗವಸಿನ ಜೇಬಿನಲ್ಲಿ ಇಟ್ಟರು. ಕರಗಿಸದೆ, ಒಣಗಿದ್ದ ಹಾಗೇ.